ಹಳೆಯ ಜಾವಾ ಸರ್ವಿಸ್ ಯಾರಾದರೂ ಕನೆಕ್ಟ್ ಆದಾಗಷ್ಟೇ ಶುರುವಾಗುವಂತೆ ಮಾಡಬಹುದೇ?

ಪೀಣ್ಯದ ನಿಮ್ಮ ಆಫೀಸಿನ ಸ್ಟಾಕ್ ಸಾಫ್ಟ್‌ವೇರನ್ನು ದಿನಕ್ಕೊಂದೆರಡು ಸಲ ನೋಡ್ತಾರೆ, ಆದರೂ ಅದು ದಿನವಿಡೀ ರ‍್ಯಾಮ್ ತಿನ್ನುತ್ತೆ, ಅದಕ್ಕೆ ಸಾಕೆಟ್ ಆ್ಯಕ್ಟಿವೇಶನ್ (ಪೋರ್ಟನ್ನು ಸಿಸ್ಟಮ್‌ಡಿಯೇ ಕಾದು, ಕನೆಕ್ಷನ್ ಬಂದಾಗ ಸರ್ವಿಸ್ ಎಬ್ಬಿಸಿ ಅದನ್ನು ಒಪ್ಪಿಸೋದು) ಬರಲ್ಲ ಅಂದಿದ್ದೀರಿ. ಸಿಸ್ಟಮ್‌ಡಿ ಅಂದರೆ ಲಿನಕ್ಸ್‌ನಲ್ಲಿ ಸರ್ವಿಸ್‌ಗಳನ್ನು ಶುರು ಮಾಡಿ ನಿಲ್ಲಿಸೋ ಪ್ರೋಗ್ರಾಂ. ಇಂಥದ್ದಕ್ಕೆ ಅಂತಲೇ ಸಿಸ್ಟಮ್‌ಡಿ-ಸಾಕೆಟ್-ಪ್ರಾಕ್ಸಿಡಿ ಇದೆ: ಮಧ್ಯೆ ನಿಂತು, ಬಂದ ಕನೆಕ್ಷನನ್ನು ಹಿಂದಿರುವ ಸರ್ವಿಸ್‌ಗೆ ದಾಟಿಸುತ್ತೆ. ರಾಜಾಜಿನಗರದ ಒಂದು ಅಂಗಡಿಯ ಬಿಲ್ಲಿಂಗ್‌ಗೆ ನಾನೂ ಇದನ್ನೇ ಹಾಕಿಕೊಟ್ಟಿದ್ದೇನೆ.

ಮೊದಲು ಜಾವಾವನ್ನು 127.0.0.1ರ 8081ಕ್ಕೆ ಸರಿಸಿ, 8080 ಅನ್ನು ಸಾಕೆಟ್ ಯೂನಿಟ್‌ಗೆ (ಯಾವ ಪೋರ್ಟ್ ಕಾಯಬೇಕು ಅಂತ ಸಿಸ್ಟಮ್‌ಡಿಗೆ ಹೇಳುವ ಫೈಲ್) ಬಿಟ್ಟುಕೊಡಿ. ಅದೇ ಹೆಸರಿನ ಸರ್ವಿಸ್ ಯೂನಿಟ್‌ನಲ್ಲಿ ಪ್ರಾಕ್ಸಿಡಿ ಓಡಲಿ, ಅದರಲ್ಲಿ ಜಾವಾ ಸರ್ವಿಸ್‌ಗೆ ರಿಕ್ವೈರ್ಸ್ (ಇದರ ಜೊತೆ ಅದನ್ನೂ ಎಬ್ಬಿಸು) ಮತ್ತು ಆಫ್ಟರ್ (ಅದು ಎದ್ದ ಮೇಲೆ ಇದು) ಎರಡನ್ನೂ ಬರೆಯಿರಿ. ಎನೇಬಲ್ (ಬೂಟ್‌ನಲ್ಲೇ ಶುರುವಾಗುವಂತೆ) ಮಾಡಬೇಕಾದ್ದು ಸಾಕೆಟ್ ಒಂದನ್ನೇ. ಜಾವಾ ಸರ್ವಿಸ್ ಎನೇಬಲ್ ಆಗಿದ್ದರೆ ಬೂಟ್ ಆಗುವಾಗಲೇ ಎದ್ದು ಕೂರುತ್ತೆ, ಆಮೇಲೆ ಇಷ್ಟೆಲ್ಲ ಯಾಕೆ?

ಇಲ್ಲಿಯವರೆಗೆ ಸಲೀಸು. ತಲೆನೋವು ಮೊದಲ ಕನೆಕ್ಷನ್‌ನಲ್ಲಿ. ಜಾವಾ ಸರ್ವಿಸ್‌ನ ಟೈಪ್ ಸಿಂಪಲ್ ಆಗಿದ್ದರೆ, ಪ್ರೋಸೆಸ್ ಹುಟ್ಟಿದ ತಕ್ಷಣ ಸಿಸ್ಟಮ್‌ಡಿ ಅದನ್ನು ರೆಡಿ ಅಂತ ಲೆಕ್ಕ ಹಾಕಿಬಿಡುತ್ತೆ. ಜಾವಾ ಇನ್ನೂ ಕಣ್ಣುಜ್ಜಿಕೊಳ್ತಾ ಇರುತ್ತೆ, 8081ರಲ್ಲಿ ಯಾರೂ ಇಲ್ಲ. ಪ್ರಾಕ್ಸಿ ಹೋಗಿ ಬಾಗಿಲು ತಟ್ಟಿ ‘ಕನೆಕ್ಷನ್ ರಿಫ್ಯೂಸ್ಡ್’ ಅನ್ನಿಸಿಕೊಂಡು ಬರುತ್ತೆ. ಬ್ರೌಸರ್‌ನಲ್ಲಿ ಎರರ್. ಎರಡನೇ ಸಲ ರಿಫ್ರೆಶ್ ಮಾಡಿದರೆ ಸರಿಹೋಗುತ್ತೆ, ಹಾಗಾಗಿ ಎಷ್ಟೋ ಜನ ಇದನ್ನು ನೆಟ್‌ವರ್ಕ್ ತೊಂದರೆ ಅಂದುಕೊಂಡು ಕೇಬಲ್ ಅಲ್ಲಾಡಿಸ್ತಾರೆ. ಪರಿಹಾರ: ಜಾವಾ ಸರ್ವಿಸ್‌ನ ಎಕ್ಸೆಕ್‌ಸ್ಟಾರ್ಟ್‌ಪೋಸ್ಟ್‌ನಲ್ಲಿ (ಪ್ರೋಸೆಸ್ ಹುಟ್ಟಿದ ಮೇಲೆ ಓಡುವ ಕಮಾಂಡ್) 8081 ಉತ್ತರ ಕೊಡುವವರೆಗೆ ಸೆಕೆಂಡಿಗೊಮ್ಮೆ ಕರ್ಲ್ (ವೆಬ್ ವಿಳಾಸ ತೆರೆದು ನೋಡುವ ಕಮಾಂಡ್) ಓಡಿಸುವ ಸಣ್ಣ ಶೆಲ್ ಲೂಪ್ ಹಾಕಿ. ಅದು ಮುಗಿಯದೆ ಪ್ರಾಕ್ಸಿ ಶುರುವಾಗಲ್ಲ. ಅಲ್ಲಿಯವರೆಗೆ ಬಂದ ಕನೆಕ್ಷನ್ ಕರ್ನಲ್‌ನ ಕ್ಯೂನಲ್ಲೇ ಕಾಯುತ್ತೆ. ಬಳಸುವವರಿಗೆ ಪೇಜ್ ಸ್ವಲ್ಪ ನಿಧಾನ ಅನ್ನಿಸುತ್ತೆ, ಅಷ್ಟೆ. ಸ್ಟಾರ್ಟ್ ಟೈಮ್‌ಔಟ್ ಸಾಮಾನ್ಯವಾಗಿ 90 ಸೆಕೆಂಡ್. ನಿಮ್ಮ ಜಾವಾ ಅದಕ್ಕಿಂತ ಸೋಮಾರಿಯಾಗಿದ್ದರೆ ಹೆಚ್ಚಿಸಿ.

ಮತ್ತೆ ಮಲಗಿಸೋಕೆ ಪ್ರಾಕ್ಸಿಡಿಗೆ ಎಕ್ಸಿಟ್-ಐಡಲ್-ಟೈಮ್ ಕೊಡಿ (ಇಷ್ಟು ಹೊತ್ತು ಕನೆಕ್ಷನ್ ಇಲ್ಲದಿದ್ದರೆ ಅದು ತಾನೇ ಮುಗಿಯುತ್ತೆ; ಸಿಸ್ಟಮ್‌ಡಿ 246ರಿಂದ ಇದೆ), ಜಾವಾ ಸರ್ವಿಸ್‌ಗೆ ಸ್ಟಾಪ್‌ವೆನ್‌ಅನ್‌ನೀಡೆಡ್ (ಬೇಕು ಅನ್ನುವವರು ಯಾರೂ ಇಲ್ಲದಾಗ ನಿಲ್ಲಿಸು) ಸೇರಿಸಿ. ಯಾರಾದರೂ ಸ್ಟಾಕ್ ಪೇಜ್ ತೆರೆದಿಟ್ಟು ಊಟಕ್ಕೆ ಹೋದರೆ, ಆ ಪೇಜ್ ಕನೆಕ್ಷನ್ ಹಿಡಿದಿಟ್ಟುಕೊಂಡಿರುವಷ್ಟೂ ಹೊತ್ತು ಅದು ಮಲಗಲ್ಲ.

ಇನ್ನೊಂದು ವಿಷಯ: ಜಾವಾದ ಲಾಗ್‌ನಲ್ಲಿ ಇನ್ನುಮುಂದೆ ಎಲ್ಲರೂ 127.0.0.1ರಿಂದಲೇ ಬಂದ ಹಾಗೆ ಕಾಣ್ತಾರೆ. ಯಾರು ಯಾವ ಐಪಿಯಿಂದ ಎಂಟ್ರಿ ಹಾಕಿದರು ಅನ್ನೋದು ನಿಮ್ಮ ಆಡಿಟ್‌ಗೆ ಬೇಕಿದ್ದರೆ ಇದರ ಮುಂಭಾಗದಲ್ಲಿ ಎಂಜಿನ್‌ಎಕ್ಸ್ ಅನ್ನೋ ವೆಬ್ ಸರ್ವರ್ ಇಟ್ಟು, ಹೆಡರ್‌ನಲ್ಲಿ ಐಪಿ ಕಳಿಸಬೇಕಾಗುತ್ತೆ.