ಕೌಂಟ್: ಹುದ್ದೆಯೋ, ಬಿರುದೋ?

ಮಧ್ಯಯುಗದ ಯುರೋಪಿನಲ್ಲಿ ‘ಕೌಂಟ್’ ಎಂಬುದು ಅರಸನು ನೇಮಿಸುತ್ತಿದ್ದ ಹುದ್ದೆಯೋ, ಹುಟ್ಟಿನಿಂದ ಬರುತ್ತಿದ್ದ ಬಿರುದೋ ಎಂದು ತಾವು ಕೇಳಿದ್ದೀರಿ. ಅದು ಮೊದಲು ಹುದ್ದೆಯೇ ಆಗಿತ್ತು; ವಂಶದ ಸ್ವತ್ತಾದದ್ದು ನಿಧಾನವಾಗಿ.

ಮೂಲವಾದ ಲ್ಯಾಟಿನ್ ಪದ ‘ಕೋಮೆಸ್’ ಎಂದರೆ ಜೊತೆಗಾರ. ಎಂಟನೆಯ ಶತಮಾನದ ಕೊನೆ ಮತ್ತು ಒಂಬತ್ತನೆಯ ಶತಮಾನದ ಆರಂಭದಲ್ಲಿ ಪಶ್ಚಿಮ ಯುರೋಪಿನ ಬಹುಭಾಗವನ್ನು ಆಳಿದ ಫ್ರಾಂಕರ ದೊರೆ ಶಾರ್ಲ್‌ಮೇನ್‌ನ ಆಳ್ವಿಕೆಯಲ್ಲಿ ಕೌಂಟ್ ಆದವನು ತನಗೆ ಒಪ್ಪಿಸಿದ ಪ್ರಾಂತದಲ್ಲಿ ನ್ಯಾಯಸಭೆ ನಡೆಸಿ, ಅರಸನಿಗೆ ಸಲ್ಲಬೇಕಾದ ಆದಾಯವನ್ನು ಸಂಗ್ರಹಿಸಿ, ಯುದ್ಧ ಬಂದಾಗ ಸೈನ್ಯವನ್ನು ಕೂಡಿಸಿಕೊಂಡು ಹೋಗಬೇಕಾಗಿತ್ತು. ಇದಕ್ಕೆ ಪ್ರತಿಫಲವಾಗಿ ಅವನಿಗೆ ಭೂಮಿಯ ಉತ್ಪನ್ನವೂ ನ್ಯಾಯಸಭೆಯ ದಂಡದ ಹಣದಲ್ಲಿ ಮೂರನೆಯ ಒಂದು ಪಾಲೂ ದೊರೆಯುತ್ತಿದ್ದವು. ತಪ್ಪಿ ನಡೆದವನನ್ನು ಅರಸನು ತೆಗೆದುಹಾಕಬಹುದಿತ್ತು. ತನಿಖೆಗೆಂದೇ ರಾಜದೂತರು ಪ್ರಾಂತಗಳನ್ನು ಸುತ್ತುತ್ತಿದ್ದರು.

877ರಲ್ಲಿ ಇಟಲಿಯ ದಂಡಯಾತ್ರೆಗೆ ಹೊರಟ ಶಾರ್ಲ್‌ಮೇನ್‌ನ ಮೊಮ್ಮಗ, ಅರಸ ‘ಬೋಳು’ ಚಾರ್ಲ್ಸ್ ಇಂದಿನ ಫ್ರಾನ್ಸಿನ ಕ್ವಿಯೆರ್ಸಿಯಲ್ಲಿ ಹೊರಡಿಸಿದ ಶಾಸನವು, ತನ್ನ ಗೈರುಹಾಜರಿಯಲ್ಲಿ ಕೌಂಟ್ ತೀರಿಕೊಂಡರೆ ಅವನ ಮಗನ ಹಿತವನ್ನು ಕಾಯುವ ತಾತ್ಕಾಲಿಕ ಏರ್ಪಾಡನ್ನು ವಿಧಿಸಿತು. ಇದನ್ನೇ ಆನುವಂಶಿಕತೆಯ ಆರಂಭವೆಂದು ಹೇಳುವವರಿದ್ದಾರೆ. ನನಗಂತೂ ಇದು ಆಗಲೇ ಬೇರೂರುತ್ತಿದ್ದ ರೂಢಿಗೆ ದೊರೆತ ಮನ್ನಣೆಯಾಗಿ ಕಾಣುತ್ತದೆ. ಹತ್ತನೆಯ ಶತಮಾನದ ವೇಳೆಗೆ ಫ್ಲಾಂಡರ್ಸ್, ಆಂಜೂ ಪ್ರಾಂತಗಳ ಕೌಂಟ್‌ಗಳು ಹೆಸರಿಗಷ್ಟೇ ಫ್ರಾನ್ಸಿನ ಅರಸನ ಅಧೀನರಾಗಿದ್ದರು. ಆದ್ದರಿಂದ ಡ್ಯೂಕ್ ಮೇಲು, ಕೌಂಟ್ ಕೀಳು ಎಂಬ ಶ್ರೇಣಿಯನ್ನು ಆ ಕಾಲಕ್ಕೆ ಕಣ್ಣುಮುಚ್ಚಿ ಹಚ್ಚಲಾಗದು.

ಇಂಗ್ಲೆಂಡ್ ಈ ಹುದ್ದೆಗೆ ‘ಅರ್ಲ್’ ಎಂಬ ತನ್ನದೇ ಪದವನ್ನು ಉಳಿಸಿಕೊಂಡಿತಾದರೂ ಅರ್ಲ್‌ನ ಹೆಂಡತಿಯನ್ನು ಇಂದಿಗೂ ‘ಕೌಂಟೆಸ್’ ಎಂದೇ ಕರೆಯುತ್ತದೆ.