ಬಟ್ಟೆ ಒಗೆಯಲು ಕೇಳಬೇಕಿದ್ದ ಚಿಲ್ಲರೆ

(ನನ್ನ ಬಳಿ ಸಲಹೆಗೆ ಬಂದ ದಂಪತಿಯ ಒಪ್ಪಿಗೆಯಿಂದ ಬರೆದದ್ದು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಮೊದಲ ವಿಡಿಯೊ ಭೇಟಿಯಲ್ಲಿ ಆಕೆ ಮಾತಾಡಿದ್ದೇ ಕಡಿಮೆ. ಆತನೇ ಹೇಳಿಕೊಂಡರು: "ಮೇಡಂ, ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯಲ್ಲ. ಅದನ್ನ ಹೇಳಿದರೆ ಮನೇಲಿ ಜಗಳ."

ಮನೆ ಇರುವುದು ನ್ಯೂಯಾರ್ಕಿನ ಕ್ವೀನ್ಸ್‌ನಲ್ಲಿ. ಆತ ಸಾಫ್ಟ್‌ವೇರ್ ಉದ್ಯೋಗಿ. ಆಕೆ ಹಾಸನದ ಕಡೆ ಪಿಯು ಕಾಲೇಜಿನಲ್ಲಿ ಏಳು ವರ್ಷ ರಸಾಯನಶಾಸ್ತ್ರ ಪಾಠ ಮಾಡಿದವರು. ಮೂರೂವರೆ ವರ್ಷದ ಮಗನಿದ್ದಾನೆ. ಬಾಡಿಗೆ ಕರಾರು ಮುಗಿಯುತ್ತ ಬಂದಿತ್ತು, ಮಾಲೀಕರು ತಿಂಗಳಿಗೆ 300 ಡಾಲರ್ ಹೆಚ್ಚು ಕೇಳಿದ್ದರು. ಅವತ್ತು ರಾತ್ರಿಯಿಂದ ಇಬ್ಬರಿಗೂ ಮಾತಿಲ್ಲ.

ಸಂಬಳದ ಚೀಟಿ ತೋರಿಸಿ ಎಂದೆ. ವರ್ಷಕ್ಕೆ 1,10,000 ಡಾಲರ್. ಊರಿನವರು ಅದನ್ನು 85ರಿಂದ ಗುಣಿಸಿ "ತೊಂಬತ್ತು ಲಕ್ಷ ದುಡೀತಾನೆ" ಎನ್ನುತ್ತಾರೆ. ಅದರಲ್ಲಿ ಕೇಂದ್ರದ ತೆರಿಗೆ, ರಾಜ್ಯದ ತೆರಿಗೆ, ಅದರ ಮೇಲೆ ನ್ಯೂಯಾರ್ಕ್ ನಗರದ್ದೇ ಬೇರೆ ಆದಾಯ ತೆರಿಗೆ, ಪಿಂಚಣಿ ಯೋಜನೆಯಾದ ಸೋಷಿಯಲ್ ಸೆಕ್ಯುರಿಟಿಗೆ ಶೇ 6.2, ವೃದ್ಧರ ಆರೋಗ್ಯ ಯೋಜನೆಯಾದ ಮೆಡಿಕೇರ್‌ಗೆ ಶೇ 1.45, ಆರೋಗ್ಯ ವಿಮೆ ಎಲ್ಲ ಕಳೆದು ತಿಂಗಳಿಗೆ ಕೈಗೆ ಬರುವುದು ಸುಮಾರು 6,400. ಒಂದು ಬೆಡ್‌ರೂಮಿನ ಮನೆಗೆ 2,600. ಅಲ್ಲಿ ಬಹುಪಾಲು ಮಾಲೀಕರು ತಿಂಗಳ ಬಾಡಿಗೆಯ 40 ಪಟ್ಟು ವಾರ್ಷಿಕ ಆದಾಯ ಇದ್ದರಷ್ಟೇ ಮನೆ ಕೊಡುತ್ತಾರೆ. ಆ ಲೆಕ್ಕದಲ್ಲಿ ಇವರಿಗೆ ಸಿಗುವುದೇ 2,750ರೊಳಗಿನ ಮನೆ. ಇನ್ನು ಊರಿಗೆ ಪ್ರತಿ ತಿಂಗಳು 1,500: ಮೈಸೂರಿನ ಮನೆಯ ಸಾಲದ ಕಂತು, ಅಪ್ಪ ಅಮ್ಮನ ಖರ್ಚು, ತಮ್ಮನ ಎಂಜಿನಿಯರಿಂಗ್ ಫೀಸು. ಉಳಿದ 2,300ರಲ್ಲಿ ಮೂವರ ಊಟ, ಕರೆಂಟು, ಫೋನು, ರೈಲು, ಔಷಧಿ.

ದುಂದುವೆಚ್ಚ ಎಲ್ಲೂ ಕಾಣಲಿಲ್ಲ. ಹಾಗಿದ್ದರೂ ಆತ ಪ್ರತಿ ರಾತ್ರಿ ರಸೀದಿ ನೋಡಿ ರೂಪಾಯಿಗೆ ಗುಣಿಸುತ್ತಿದ್ದರು. ಜಾಕ್ಸನ್ ಹೈಟ್ಸ್‌ನ 74ನೇ ಬೀದಿಯ ಅಂಗಡಿಯಲ್ಲಿ ಆಕೆ ಒಂದೂವರೆ ಡಾಲರಿನ ಕೊತ್ತಂಬರಿ ಕಟ್ಟನ್ನು ಬುಟ್ಟಿಗೆ ಹಾಕಿ, "ನೂರಿಪ್ಪತ್ತೇಳು ರೂಪಾಯಿ" ಎಂಬ ಗಂಡನ ಮಾತು ಕೇಳಬೇಕಾದೀತೆಂದು ವಾಪಸ್ ಇಟ್ಟು ಬಂದಿದ್ದರು.

ಎರಡನೇ ಭೇಟಿಗೆ ಆಕೆಯನ್ನು ಒಬ್ಬರನ್ನೇ ಕರೆದೆ. ಆಗ ಹೊರಬಿತ್ತು. ಹಳೆಯ ಕಟ್ಟಡ, ಮನೆಯೊಳಗೆ ವಾಷಿಂಗ್ ಮೆಷಿನ್ ಇಲ್ಲ. ನೆಲಮಾಳಿಗೆಯಲ್ಲಿರುವ ಮೆಷಿನ್‌ಗೆ ಕ್ವಾರ್ಟರ್, ಅಂದರೆ 25 ಸೆಂಟಿನ ನಾಣ್ಯ ಹಾಕಬೇಕು; ಒಗೆದು ಒಣಗಿಸಲು ಇಪ್ಪತ್ತು ನಾಣ್ಯ. "ಪ್ರತಿ ಶನಿವಾರ ಇವರ ಹತ್ರ ಚಿಲ್ಲರೆ ಕೇಳ್ತೀನಿ ಮೇಡಂ. ಮದುವೆಗೆ ಮುಂಚೆ ಅಪ್ಪನ ಹತ್ರಾನೂ ಕೈಚಾಚಿದವಳಲ್ಲ." ಆಮೇಲೆ ತುಂಬ ಹೊತ್ತು ಅತ್ತರು. ಆಕೆಯದು ಎಚ್-4, ಅಂದರೆ ಉದ್ಯೋಗ ವೀಸಾದಲ್ಲಿರುವವರ ಹೆಂಡತಿಗೆ ಸಿಗುವ ವೀಸಾ; ಪರವಾನಗಿ ಇಲ್ಲದೆ ಕೆಲಸ ಮಾಡುವಂತಿಲ್ಲ. ಗಂಡನ ಗ್ರೀನ್ ಕಾರ್ಡ್ ದಾರಿಯಲ್ಲಿ ಐ-140 ಎಂಬ, ಕಂಪನಿ ಸಲ್ಲಿಸುವ ಅರ್ಜಿ ಮಂಜೂರಾದ ಮೇಲೆ ಕೆಲಸದ ಪರವಾನಗಿ ಕೇಳಬಹುದೆಂಬ ನಿಯಮ 2015ರಿಂದ ಇದೆ. ಇವರದು ಇನ್ನೂ ಅಲ್ಲಿಗೆ ಬಂದಿಲ್ಲ.

ಇಂಥ ಕಡೆ "ಹೊಂದಿಕೊಂಡು ಹೋಗಿ" ಎನ್ನುವ ಸಲಹೆ ಕ್ರೂರ ಎಂದೇ ನನ್ನ ಅಭಿಪ್ರಾಯ. ಇಬ್ಬರನ್ನೂ ಕೂರಿಸಿ ಹೇಳಿದೆ: ಡಾಲರಿನಲ್ಲಿ ಬಂದು ಡಾಲರಿನಲ್ಲೇ ಖರ್ಚಾಗುವ ದುಡ್ಡನ್ನು ರೂಪಾಯಿಗೆ ತಿರುಗಿಸಬೇಡಿ. ಗುಣಾಕಾರ ಊರಿಗೆ ಕಳಿಸುವ ಹಣಕ್ಕೆ ಮಾತ್ರ. ಸಂಬಳ ಜಂಟಿ ಖಾತೆಗೆ ಬರಲಿ, ಆಕೆಯ ಹೆಸರಿನದೇ ಕಾರ್ಡ್ ಇರಲಿ, ತಿಂಗಳಿಗೆ 250 ಡಾಲರಿಗೆ ಯಾರೂ ಲೆಕ್ಕ ಕೇಳಕೂಡದು. ಆತ ಮೊದಲು ಒಪ್ಪಲಿಲ್ಲ. "ನಾನೂ ನನಗಾಗಿ ಏನೂ ಖರ್ಚು ಮಾಡಲ್ಲ" ಎಂದರು. ನಿಜವೇ. ಹಾಗಾದರೆ ನಿಮಗೂ ಅಷ್ಟೇ ಇರಲಿ ಎಂದೆ.

ಮಗನ ವಿಷಯದಲ್ಲಿ ಅವರಿಗೇ ಗೊತ್ತಿರದ ಒಂದು ದಾರಿಯಿತ್ತು. ನಾಲ್ಕು ತುಂಬುವ ವರ್ಷದಲ್ಲಿ ಮಗುವಿಗೆ ನಗರದ ಪ್ರಿ-ಕೆ, ಅಂದರೆ ಶಾಲೆಗೆ ಮುಂಚಿನ ತರಗತಿ ಉಚಿತ, ಆದಾಯವನ್ನಾಗಲಿ ವೀಸಾವನ್ನಾಗಲಿ ನೋಡುವುದಿಲ್ಲ. ಅರ್ಜಿ ಹಾಕಿಸಿದೆ. ಕಟ್ಟಡ 1974ಕ್ಕೂ ಹಿಂದಿನದು, ಆರಕ್ಕಿಂತ ಹೆಚ್ಚು ಮನೆಗಳಿವೆ. ಅಂಥ ಬಹಳಷ್ಟು ಮನೆಗಳಿಗೆ ಬಾಡಿಗೆ ಏರಿಕೆಯ ಮಿತಿಯನ್ನು ನಗರದ ಬಾಡಿಗೆ ಮಂಡಳಿ ಗೊತ್ತುಮಾಡುತ್ತದೆ. ರಾಜ್ಯದ ವಸತಿ ಇಲಾಖೆಯಿಂದ ತಮ್ಮ ಮನೆಯ ಬಾಡಿಗೆ ಇತಿಹಾಸ ತರಿಸಿಕೊಂಡು ನೋಡುವ ತನಕ 300ಕ್ಕೆ ಒಪ್ಪಬೇಡಿ ಎಂದೆ. ನ್ಯೂಜೆರ್ಸಿಗೆ ಹೋದರೆ ನಗರದ ತೆರಿಗೆ ಉಳಿಯುತ್ತದೆ ಎಂಬ ಯೋಚನೆ ಆತನಿಗಿತ್ತು. ಆಕೆಗೆ ಇರುವ ನಾಲ್ಕು ಜನ ಪರಿಚಯದವರೂ ಕ್ವೀನ್ಸ್‌ನಲ್ಲೇ ಇದ್ದಾರೆ. ಈಗ ಬೇಡ ಎಂದೆ.

ಕಷ್ಟವಾದದ್ದು, ಊರಿಗೆ ಕಳಿಸುವ ಹಣ ಕಡಿಮೆ ಮಾಡಬೇಕೆಂದು ಆತ ತಮ್ಮ ಅಪ್ಪನಿಗೆ ಹೇಳುವುದು. ಮೂರು ವಾರ ಮುಂದೂಡಿದರು. ಕೊನೆಗೆ ಒಂದು ಭಾನುವಾರ ಸಂಬಳದ ಚೀಟಿಯನ್ನೇ ವಿಡಿಯೊದಲ್ಲಿ ತೋರಿಸಿ, ಸಾಲುಸಾಲಾಗಿ ಓದಿ ಹೇಳಿದರಂತೆ. ನಿವೃತ್ತ ಮೇಷ್ಟ್ರು, ಕನ್ನಡಕ ಹಾಕಿಕೊಂಡು ಕೊನೆಯ ಸಾಲಿನವರೆಗೂ ಕೇಳಿದರು. "ಮೊದಲೇ ಹೇಳಬಾರದಿತ್ತೇನೋ ಮಗನೇ. ಮಹಡಿ ಮನೆ ನೀನು ಬಂದಾಗ ಇರಲಿ ಅಂತ ಬೀಗ ಹಾಕಿಟ್ಟಿದ್ದೀವಿ. ಬಾಡಿಗೆಗೆ ಕೊಡ್ತೀವಿ."

ಈಗ ಊರಿಗೆ ಹೋಗುವುದು 1,100. ತಮ್ಮನ ಫೀಸಿನ ಮಾತು ಇನ್ನೂ ಇತ್ಯರ್ಥವಾಗಿಲ್ಲ, ಬಾಡಿಗೆ ಇತಿಹಾಸದ ಕಾಗದವೂ ಬಂದಿಲ್ಲ. ಕಳೆದ ಭೇಟಿಯಲ್ಲಿ ಆಕೆ ಬ್ಯಾಂಕಿನಿಂದ ತಾವೇ ತಂದ ಹತ್ತು ಡಾಲರಿನ ಕ್ವಾರ್ಟರ್ ಸುರುಳಿಯನ್ನು ಕ್ಯಾಮೆರಾ ಮುಂದೆ ಹಿಡಿದು ತೋರಿಸಿದರು. ಮುಂದಿನ ಭೇಟಿ ತಿಂಗಳ ಕೊನೆಗೆ.