ಇಳಿದ ಶ್ರುತಿ, ತಿಳಿಯಾದ ನುಡಿ

ಪ್ರಶ್ನೆ: ಜೇವರ್ಗಿ ಕಡೆಯ ಹಿರಿಯ ತತ್ವಪದ ಗಾಯಕರೊಬ್ಬರನ್ನು ನಾನು ಕ್ಯಾಸೆಟ್ಟಿನ ಕಾಲದಿಂದಲೂ ಕೇಳುತ್ತ ಬಂದವನು. ಎಪ್ಪತ್ತೈದು ದಾಟಿದ ಅವರು ಈಗ ತತ್ವಪದಕಾರ ಕಡಕೋಳ ಮಡಿವಾಳಪ್ಪನವರ ಹಾಗೂ ಅವರ ಶಿಷ್ಯರ ಪದಗಳ ಹೊಸ ಆಲ್ಬಂ ತಂದಿದ್ದಾರೆ. ಗೆಳೆಯರು ‘ಕಂಠ ಹೋಗಿದೆ’ ಎನ್ನುತ್ತಾರೆ. ನನಗೆ ಹಳೆಯ ಕ್ಯಾಸೆಟ್ಟುಗಳಿಗಿಂತ ಇದೇ ಹೆಚ್ಚು ಹಿಡಿಸಿದೆ. ಇದು ಬರಿಯ ಅಭಿಮಾನವೇ?
– ಓದುಗರೊಬ್ಬರು, ಶಹಾಪುರ, ಯಾದಗಿರಿ ಜಿಲ್ಲೆ

ಉತ್ತರ: ಅಭಿಮಾನ ಇದ್ದೇ ಇದೆ, ಆದರೆ ನಿಮ್ಮ ಕಿವಿ ತಪ್ಪಿಲ್ಲ. ಹಿಂದೆ ಹಾರ್ಮೋನಿಯಂನ ಬಿಳಿ ನಾಲ್ಕರ ಶ್ರುತಿಯಲ್ಲಿ ಹಾಡುತ್ತಿದ್ದವರು ಅದಕ್ಕಿಂತ ತಗ್ಗಿನ ಬಿಳಿ ಒಂದಕ್ಕೆ ಇಳಿದಿರುವುದೂ ತಾರಸ್ಥಾಯಿಯಲ್ಲಿ ದನಿ ಒಡೆಯುವುದೂ ನಿಜ. ಆದರೆ ಅನುಭಾವಿಗಳ ತತ್ವಪದವೆಂಬುದು ಅಮಾವಾಸ್ಯೆಯ ರಾತ್ರಿ ಗುಡಿಯಲ್ಲೋ ಮಠದ ಕಟ್ಟೆಯ ಮೇಲೋ ಏಕತಾರಿ, ದಮ್ಮಡಿ, ತಾಳಗಳೊಂದಿಗೆ ಕುಳಿತವರು ಪಲ್ಲವಿಯನ್ನು ಮರಳಿ ಮರಳಿ ಎತ್ತಿಕೊಳ್ಳುತ್ತ, ಒಂದೊಂದು ನುಡಿಯ ಒಳಗುಟ್ಟನ್ನು ಬಿಡಿಸುತ್ತ ಬೆಳಗು ಮಾಡುವ ಹಾಡುಗಾರಿಕೆ. ಅಲ್ಲಿ ಗಂಟಲಿಗಿಂತ ನುಡಿಗೇ ಮೊದಲ ಮಣೆ. ಏರುದನಿಯ ಸಾಲುಗಳನ್ನು ಹಿಮ್ಮೇಳದವರಿಗೆ ಬಿಟ್ಟುಕೊಟ್ಟು, ತಾವು ಕೆಳದನಿಯಲ್ಲಿ ಅಕ್ಷರ ಅಕ್ಷರವೂ ಕೇಳಿಸುವಂತೆ ಹಾಡಿರುವ ಈ ಹಿರಿಯರಿಗೆ ಅದು ಚೆನ್ನಾಗಿ ಗೊತ್ತಿದೆ.

ಚೆನ್ನೂರ ಜಲಾಲಸಾಹೇಬರ ಪದವನ್ನು ಇನ್ನೊಮ್ಮೆ ಕೇಳಿ. ಕೊನೆಯ ನುಡಿಯಲ್ಲಿ ಅಂಕಿತ, ಅಂದರೆ ಪದಕಾರರು ಮುದ್ರೆಯಾಗಿ ಇಡುವ ಗುರುವಿನ ಹೆಸರು, ಬರುವ ಮುನ್ನ ಈ ಗಾಯಕರು ಉಸಿರು ಸಾಲದೆ ನಿಲ್ಲುತ್ತಾರೆ. ದಮ್ಮಡಿಯೂ ತಡೆಯುತ್ತದೆ, ಏಕತಾರಿಯೊಂದೇ ಮಿಡಿಯುತ್ತಿರುತ್ತದೆ. ಆಮೇಲೆ ಗುರುವಿನ ಹೆಸರು ಮಾತಾಡಿದಷ್ಟೇ ಮೆಲ್ಲಗೆ ಬರುತ್ತದೆ. ಹಳೆಯ ಕ್ಯಾಸೆಟ್ಟಿನಲ್ಲಿ ಆ ಹೆಸರು ತಾನಗಳ ರಭಸದಲ್ಲಿ ಕೊಚ್ಚಿಹೋಗಿತ್ತು. ಮಡಿವಾಳಪ್ಪನವರನ್ನು ಗುರುವಾಗಿ ಒಪ್ಪಿಕೊಂಡ ಮುಸ್ಲಿಂ ಶಿಷ್ಯನೊಬ್ಬನ ಪದದಲ್ಲಿ ಆ ಹೆಸರಿಗೆ ಎಷ್ಟು ತೂಕವಿದೆಯೆಂಬುದು ಈ ಸಲವೇ ತಿಳಿದದ್ದು. ಇನ್ನೊಬ್ಬ ಶಿಷ್ಯ ಖೈನೂರ ಕೃಷ್ಣಪ್ಪನವರ ಪದವೂ ಸೊಗಸಾಗಿದೆ, ಅಷ್ಟು ಆಳಕ್ಕಿಳಿದಿಲ್ಲ.

ನನ್ನ ತಕರಾರಿರುವುದು ಗಾಯಕರ ಮೇಲಲ್ಲ, ಧ್ವನಿಮುದ್ರಣ ಮಾಡಿದವರ ಮೇಲೆ. ಏಕತಾರಿಯ ಒಂದೇ ತಂತಿಯ ನಾದದ ಮೇಲೆ ಕೀಬೋರ್ಡನ್ನು ಹರವಿ, ಮುದಿದನಿಗೆ ಎಕೋ ಸುರಿದಿದ್ದಾರೆ. ಪಾಪ, ಒರಟುತನ ಮುಚ್ಚಬೇಕೆಂದುಕೊಂಡರೇನೋ. ಅದಕ್ಕಿಂತ ಬೇಸರದ ಸಂಗತಿಯೆಂದರೆ, ಭಜನೆಯಲ್ಲಿ ಕಾಲು ಗಂಟೆ ನಡೆಯುವ ಪದವನ್ನು ಐದು ನಿಮಿಷಕ್ಕೆ ಕತ್ತರಿಸಲು ನಡುವಿನ ನುಡಿಗಳನ್ನೇ ಕೈಬಿಟ್ಟಿರುವುದು. ಒಗಟಿನಂತೆ ಆರಂಭವಾಗುವ ಪದವು ನಡುವಿನ ಮೆಟ್ಟಿಲುಗಳಿಲ್ಲದೆ ನೇರವಾಗಿ ಉತ್ತರಕ್ಕೆ ಹಾರಿದರೆ ಹೊಸಬರಿಗೆ ಏನು ದಕ್ಕೀತು? ನಿಮ್ಮ ಗೆಳೆಯರಿಗೆ ರುಚಿಸದಿರಲು ಇದೂ ಒಂದು ಕಾರಣವಿರಬಹುದು. ಮುಂದಿನ ಅಮಾವಾಸ್ಯೆಗೆ ಅವರನ್ನೂ ಭಜನೆಗೆ ಕರೆದೊಯ್ದು, ಬಿಟ್ಟುಹೋದ ನುಡಿಗಳನ್ನು ಹಾಡುವಂತೆ ಆ ಹಿರಿಯರನ್ನೇ ಕೇಳಿಕೊಳ್ಳಿ.